ವಿದ್ಯಾರ್ಥಿ ಆವೃತ್ತಿಗೆ ಯಾರು ಅರ್ಹರು?

ಕಟ್ಟಡದ ನಕ್ಷೆ ಬರೆಯುವುದಕ್ಕೆ, ಯಂತ್ರಭಾಗವೊಂದು ಎಷ್ಟು ಭಾರ ತಡೆದೀತೆಂದು ಲೆಕ್ಕ ಹಾಕುವುದಕ್ಕೆ, ವ್ಯಾಪಾರದ ಲೆಕ್ಕಪತ್ರ ಇಡುವುದಕ್ಕೆ, ಚಲನಚಿತ್ರದ ದೃಶ್ಯಗಳನ್ನು ರೂಪಿಸುವುದಕ್ಕೆ ವೃತ್ತಿನಿರತರು ಬಳಸುವ ತಂತ್ರಾಂಶಗಳು ಬಹುಮಟ್ಟಿಗೆ ದುಬಾರಿಯಾದವು. ಅವುಗಳನ್ನೇ ಕಲಿಕೆಗಾಗಿ ಉಚಿತವಾಗಿ ಇಲ್ಲವೆ ಅಲ್ಪ ಬೆಲೆಗೆ ಕೊಡುವ ರೂಪಕ್ಕೆ ವಿದ್ಯಾರ್ಥಿ ಆವೃತ್ತಿ ಎಂದು ಹೆಸರು. ಅದನ್ನು ಯಾರು ಪಡೆಯಬಹುದು, ಪಡೆದವರು ಅದರಿಂದ ಯಾವ ಕೆಲಸ ಮಾಡಬಹುದು, ಎಷ್ಟು ಕಾಲ ಇರಿಸಿಕೊಳ್ಳಬಹುದು ಎಂಬುದನ್ನು ಗೊತ್ತುಪಡಿಸುವ ಕಟ್ಟಳೆಗಳೇ ಅರ್ಹತಾ ನಿಯಮಗಳು. ಆ ನಿಯಮಗಳ ನ್ಯಾಯಾನ್ಯಾಯವನ್ನು ಎಂಜಿನಿಯರಿಂಗ್ ಕಾಲೇಜೊಂದರ ಅಧ್ಯಾಪಕರು ಮತ್ತು ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳ ಸಂವಾದದ ಮೂಲಕ ಈ ಪ್ರಬಂಧ ಪರಿಶೀಲಿಸುತ್ತದೆ.

ವಿದ್ಯಾರ್ಥಿನಿ: ಹೆಸರೇ ವಿದ್ಯಾರ್ಥಿ ಆವೃತ್ತಿ ಎಂದಿರುವಾಗ, ಓದುತ್ತಿರುವವರೆಲ್ಲರೂ ಅದಕ್ಕೆ ಅರ್ಹರೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಲ್ಲವೇ? ಪುಟಗಟ್ಟಲೆ ನಿಯಮಗಳು ಏಕೆ ಬೇಕಾದವು?

ಅಧ್ಯಾಪಕರು: ಅದರ ಉತ್ತರ ಪರವಾನಗಿ ಎಂಬ ವ್ಯವಸ್ಥೆಯಲ್ಲಿದೆ. ತಂತ್ರಾಂಶಕ್ಕೆ ಹಣ ತೆತ್ತವರು ಸಾಮಾನ್ಯವಾಗಿ ಅದರ ಒಡೆಯರಾಗುವುದಿಲ್ಲ. ಒಡೆತನ ತಯಾರಕರಲ್ಲಿಯೇ ಉಳಿದು, ಬಳಸುವ ಅನುಮತಿಯಷ್ಟೇ ಕೈಗೆ ಬರುತ್ತದೆ, ಮತ್ತು ವಾಸಕ್ಕೆಂದು ಬಾಡಿಗೆಗೆ ಕೊಟ್ಟ ಮನೆಯಲ್ಲಿ ಅಂಗಡಿ ತೆರೆಯಕೂಡದೆಂದು ಕರಾರಿನಲ್ಲಿ ಬರೆದಿರುವಂತೆ ಈ ಅನುಮತಿಗೂ ಷರತ್ತುಗಳಿರುತ್ತವೆ. ಷರತ್ತು ಸಹಿತವಾದ ಈ ಅನುಮತಿಯೇ ಪರವಾನಗಿ ಅಥವಾ ಲೈಸೆನ್ಸ್. ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ತಂದು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿದ ಮೇಲೆ, ಕಾದಂಬರಿಗೆ ಇರುವ ರಕ್ಷಣೆಯೇ ತಂತ್ರಾಂಶಕ್ಕೂ ದೊರೆತಿದೆ. ಹೀಗಿರುವಾಗ, ಒಂದೇ ವಸ್ತುವನ್ನು ಒಬ್ಬರಿಗೆ ಲಕ್ಷ ರೂಪಾಯಿಗೂ ಮತ್ತೊಬ್ಬರಿಗೆ ಉಚಿತವಾಗಿಯೂ ಕೊಡಬೇಕೆಂದರೆ, ಆ ಇಬ್ಬರನ್ನು ಬೇರ್ಪಡಿಸುವ ಗೆರೆ ಎಲ್ಲಿದೆ ಎಂಬುದನ್ನು ಬರೆದಿಡಲೇಬೇಕಾಗುತ್ತದೆ. ಓದುತ್ತಿರುವವರು ಎಂಬ ಮಾತು ಕೇಳುವುದಕ್ಕೆ ಸರಳವಾಗಿದ್ದರೂ, ಹಗಲು ದುಡಿದು ಸಂಜೆ ಕಾಲೇಜಿಗೆ ಹೋಗುವವರು, ಅಂಚೆ ಮೂಲಕ ಪದವಿ ಓದುವವರು, ಮೂರು ತಿಂಗಳ ತರಬೇತಿಗೆ ಸೇರಿದವರು, ಯಾವ ಸಂಸ್ಥೆಗೂ ಸೇರದೆ ತಾವಾಗಿಯೇ ಕಲಿಯುತ್ತಿರುವವರು ಇವರೆಲ್ಲ ಅದರೊಳಗೆ ಬರುತ್ತಾರೆಯೇ ಎಂದು ಕೇಳಿದೊಡನೆ ಆ ಸರಳತೆ ಉಳಿಯುವುದಿಲ್ಲ.

ವಿದ್ಯಾರ್ಥಿನಿ: ಹಾಗಾದರೆ ತಯಾರಕರೆಲ್ಲ ಆ ಗೆರೆಯನ್ನು ಒಂದೇ ಬಗೆಯಾಗಿ ಎಳೆದಿದ್ದಾರೆಯೇ?

ಅಧ್ಯಾಪಕರು: ಇಲ್ಲ, ಮತ್ತು ಈ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಅರಿಯಬೇಕಾದದ್ದು ಆ ಭಿನ್ನತೆಯನ್ನೇ. ಕೆಲವರು ವ್ಯಕ್ತಿಯ ಗುರುತನ್ನು ಕೇಳುವುದೇ ಇಲ್ಲ. ತಂತ್ರಾಂಶವನ್ನೇ ವ್ಯಾಪಾರಕ್ಕೆ ಒದಗದಂತೆ ಮಿತಗೊಳಿಸಿ, ಬೇಕೆಂದವರಿಗೆಲ್ಲ ಕೊಟ್ಟುಬಿಡುತ್ತಾರೆ. ಇದಕ್ಕೆ ಬೆಂಗಳೂರಿನಲ್ಲಿಯೇ ಒಳ್ಳೆಯ ಉದಾಹರಣೆಯಿದೆ. 1986ರಲ್ಲಿ ಆರಂಭವಾಗಿ ಈಗ ಟ್ಯಾಲಿ ಸೊಲ್ಯೂಷನ್ಸ್ ಎಂದು ಹೆಸರಾಗಿರುವ ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶವನ್ನು ಪರವಾನಗಿ ಇಲ್ಲದೆ ಶೈಕ್ಷಣಿಕ ರೂಪದಲ್ಲಿ ತೆರೆದರೆ, ವೋಚರ್‌ಗಳನ್ನು, ಅಂದರೆ ಪ್ರತಿಯೊಂದು ಕೊಡುಕೊಳುವಿಕೆಯ ದಾಖಲೆಗಳನ್ನು, ತಿಂಗಳ 1, 2 ಮತ್ತು 31ನೆಯ ತಾರೀಖುಗಳಲ್ಲಿ ಮಾತ್ರ ನಮೂದಿಸಬಹುದು. ಬಿ.ಕಾಂ. ಓದುವವರಿಗೆ ಖರೀದಿ, ಮಾರಾಟ, ತೆರಿಗೆ, ಅಡಾವೆ ಪತ್ರಿಕೆ ಎಲ್ಲವನ್ನೂ ಅಭ್ಯಾಸ ಮಾಡುವುದಕ್ಕೆ ಆ ಮೂರು ದಿನಗಳು ಧಾರಾಳ ಸಾಕು. ಆದರೆ ದಿನವೂ ಬಾಗಿಲು ತೆರೆಯುವ ಅಂಗಡಿಯವರಿಗೆ ಅದರಿಂದ ಪ್ರಯೋಜನವಿಲ್ಲ. ಯಾರ ಗುರುತಿನ ಚೀಟಿಯನ್ನೂ ನೋಡದೆ, ಯಾರ ಪ್ರಾಮಾಣಿಕತೆಯನ್ನೂ ಸಂಶಯಿಸದೆ ಕಲಿಕೆಯನ್ನೂ ವ್ಯಾಪಾರವನ್ನೂ ಬೇರೆ ಮಾಡಿದ ಈ ಉಪಾಯ ಬಹಳ ಮೆಚ್ಚತಕ್ಕದ್ದು.

ಆನ್ಸಿಸ್ ಸಂಸ್ಥೆಯ ವಿದ್ಯಾರ್ಥಿ ಆವೃತ್ತಿಯೂ ಇದೇ ಜಾತಿಯದು. ವಸ್ತುವೊಂದನ್ನು ಸಾವಿರಾರು ಸಣ್ಣ ತುಂಡುಗಳಾಗಿ ವಿಭಾಗಿಸಿ, ತುಂಡುಗಳು ಸಂಧಿಸುವ ಒಂದೊಂದು ಬಿಂದುವಿನಲ್ಲಿಯೂ ಒತ್ತಡವನ್ನೋ ಉಷ್ಣತೆಯನ್ನೋ ಲೆಕ್ಕ ಹಾಕುವ ವಿಧಾನಕ್ಕೆ ಪರಿಮಿತಾಂಶ ವಿಶ್ಲೇಷಣೆ ಎನ್ನುತ್ತಾರೆ, ಆ ಬಿಂದುಗಳಿಗೆ ನೋಡ್ ಎಂದು ಹೆಸರು. ವಿದ್ಯಾರ್ಥಿ ಆವೃತ್ತಿ ನೋಡ್‌ಗಳ ಸಂಖ್ಯೆಗೆ ಮಿತಿ ಹಾಕುತ್ತದೆ. ಸೇತುವೆಯ ತೊಲೆಯೊಂದರ ಪಾಠಕ್ಕೆ ಆ ಮಿತಿ ಅಡ್ಡಿಯಲ್ಲ, ಇಡೀ ವಿಮಾನದ ಎಂಜಿನ್‌ಗೆ ಅದು ಸಾಲುವುದಿಲ್ಲ. ಚಲನಚಿತ್ರದ ದೃಶ್ಯಪರಿಣಾಮಗಳಿಗೆ ಬಳಸುವ ಹೂಡಿನಿ ಎಂಬ ತಂತ್ರಾಂಶದ ಅಪ್ರೆಂಟಿಸ್ ಆವೃತ್ತಿ ಕಡತವನ್ನೇ ಬೇರೆ ಜಾತಿಯದಾಗಿ ಉಳಿಸುತ್ತದೆ; ಅದರಲ್ಲಿ ಸಿದ್ಧವಾದ ಕಡತವನ್ನು ವಾಣಿಜ್ಯ ಆವೃತ್ತಿಯಲ್ಲಿ ತೆರೆದರೂ ಅದು ವಾಣಿಜ್ಯೇತರವಾಗಿಯೇ ಉಳಿಯುತ್ತದೆ.

ವಿದ್ಯಾರ್ಥಿನಿ: ಆದರೆ ತರಗತಿಯಲ್ಲಿ ಹೆಚ್ಚಾಗಿ ಬಳಸುವ ತಂತ್ರಾಂಶಗಳು ಕಾಲೇಜಿನ ಹೆಸರು, ಸೇರಿದ ವರ್ಷ, ಮುಗಿಸುವ ವರ್ಷ, ಗುರುತಿನ ಚೀಟಿ ಎಲ್ಲವನ್ನೂ ಕೇಳುತ್ತವಲ್ಲ?

ಅಧ್ಯಾಪಕರು: ಅವು ಎರಡನೆಯ ಜಾತಿಗೆ ಸೇರಿದವು. ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ಸಂಸ್ಥೆ 2014ರಿಂದ ಜಗತ್ತಿನ ವಿದ್ಯಾರ್ಥಿ ಅಧ್ಯಾಪಕರಿಗೆಲ್ಲ ತನ್ನ ತಂತ್ರಾಂಶಗಳನ್ನು ಉಚಿತವಾಗಿ ತೆರೆದಿಟ್ಟಿದೆ. ಹಾಗೆ ಕೊಡುವಾಗ ತಂತ್ರಾಂಶದ ಶಕ್ತಿಯನ್ನು ಕುಗ್ಗಿಸುವುದಿಲ್ಲ. ವೃತ್ತಿಪರ ವಾಸ್ತುಶಿಲ್ಪಿಯ ಕೈಯಲ್ಲಿರುವುದೇ ವಿದ್ಯಾರ್ಥಿಯ ಕೈಗೂ ಬರುತ್ತದೆ. ವಸ್ತುವಿನಲ್ಲಿ ಭೇದವಿಲ್ಲದ ಕಾರಣದಿಂದಲೇ ವ್ಯಕ್ತಿಯಲ್ಲಿ ಭೇದ ಎಣಿಸಬೇಕಾಗುತ್ತದೆ, ಆದ್ದರಿಂದ ಅರ್ಹತೆಯನ್ನು ದಾಖಲೆಗಳಿಂದ ಸ್ಥಾಪಿಸಬೇಕು, ಅನುಮತಿ ಒಂದು ವರ್ಷದ್ದು, ವರ್ಷ ತುಂಬಿದ ಮೇಲೆ ಇನ್ನೂ ಓದುತ್ತಿರುವುದನ್ನು ಮತ್ತೆ ತೋರಿಸಬೇಕು. ಪ್ರೋಗ್ರಾಂ ಬರೆಯುವವರಿಗೆ ಸಾಧನಗಳನ್ನು ಒದಗಿಸುವ ಜೆಟ್‌ಬ್ರೈನ್ಸ್ ಕೂಡ ವರ್ಷ ವರ್ಷ ನವೀಕರಿಸುವ ಪದ್ಧತಿಯನ್ನೇ ಇಟ್ಟುಕೊಂಡಿದೆ. ಈ ಎರಡು ಜಾತಿಗಳಿಗೂ ಸೇರದ ಇನ್ನೊಂದು ಬಗೆಯೂ ಉಂಟು: ಅಡೋಬಿ ಸಂಸ್ಥೆ ವಿದ್ಯಾರ್ಥಿಗಳಿಗೆ ಚಂದಾದಲ್ಲಿ ದೊಡ್ಡ ರಿಯಾಯಿತಿ ಕೊಡುವಾಗ ಅರ್ಹತೆಯನ್ನು ಕೇಳುತ್ತದೆ, ಆದರೆ ಹಾಗೆ ಪಡೆದ ತಂತ್ರಾಂಶದಿಂದ ಹಣ ಗಳಿಸುವ ಕೆಲಸ ಮಾಡುವುದನ್ನು ತಡೆಯುವುದಿಲ್ಲ. ಆದ್ದರಿಂದ ಒಂದು ಪರವಾನಗಿಯನ್ನು ಓದಿ, ಉಳಿದವೂ ಹೀಗೆಯೇ ಇರಬೇಕೆಂದು ಊಹಿಸುವುದು ಅಪಾಯಕರ.

ವಿದ್ಯಾರ್ಥಿನಿ: ಪೂರ್ಣಶಕ್ತಿಯ ತಂತ್ರಾಂಶವನ್ನು ಉಚಿತವಾಗಿ ಹಂಚುವುದರಿಂದ ಸಂಸ್ಥೆಗಳಿಗೆ ಆಗುವ ಲಾಭವೇನು? ಇದನ್ನು ದಾನವೆಂದು ಭಾವಿಸಬೇಕೇ?

ಅಧ್ಯಾಪಕರು: ದಾನವೆನ್ನುವುದಕ್ಕಿಂತ ದೀರ್ಘಕಾಲದ ಹೂಡಿಕೆ ಎನ್ನುವುದು ಸತ್ಯಕ್ಕೆ ಹತ್ತಿರ, ಮತ್ತು ಅದನ್ನು ಅರಿಯುವುದಕ್ಕೆ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಚರಿತ್ರೆಗಿಂತ ಉತ್ತಮವಾದ ದಾರಿ ಇಲ್ಲ. ಕಾರ್ಯಾಚರಣ ವ್ಯವಸ್ಥೆಯೆಂದರೆ ಕಂಪ್ಯೂಟರಿನ ಯಂತ್ರಭಾಗಗಳಿಗೂ ಬಳಕೆಯ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ತಂತ್ರಾಂಶ. ಯೂನಿಕ್ಸ್ ಹುಟ್ಟಿದ್ದು ಅಮೆರಿಕದ ದೂರವಾಣಿ ಸಂಸ್ಥೆಯಾದ ಎಟಿ ಅಂಡ್ ಟಿಯ ಬೆಲ್ ಪ್ರಯೋಗಾಲಯದಲ್ಲಿ. ಆ ಸಂಸ್ಥೆ 1956ರಲ್ಲಿ ಸರಕಾರದೊಡನೆ ಮಾಡಿಕೊಂಡ ಒಪ್ಪಂದದ ಪ್ರಕಾರ ದೂರಸಂಪರ್ಕವನ್ನು ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲವಾದ್ದರಿಂದ, 1970ರ ದಶಕದಲ್ಲಿ ಯೂನಿಕ್ಸನ್ನು ವಿಶ್ವವಿದ್ಯಾಲಯಗಳಿಗೆ ಅತ್ಯಲ್ಪ ಶುಲ್ಕಕ್ಕೆ, ಮೂಲಸಂಕೇತದ ಸಮೇತ, ಅಂದರೆ ಅದು ಒಳಗೆ ಹೇಗೆ ಬರೆಯಲ್ಪಟ್ಟಿದೆ ಎಂಬ ಪೂರ್ಣ ಪಠ್ಯದೊಡನೆ, ಕೊಟ್ಟಿತು. ಬರ್ಕ್ಲಿಯಂಥ ವಿಶ್ವವಿದ್ಯಾಲಯಗಳಲ್ಲಿ ಅದನ್ನು ಕಲಿತ ಒಂದು ತಲೆಮಾರೇ ಉದ್ಯೋಗಕ್ಕೆ ಹೋದಾಗ, ಹೋದಲ್ಲೆಲ್ಲ ಯೂನಿಕ್ಸನ್ನು ಕೇಳಿತು. ಕೈ ಪಳಗಿದ ಸಾಧನವನ್ನು ಜನ ಸುಲಭವಾಗಿ ಬಿಡುವುದಿಲ್ಲ ಎಂಬ ಪಾಠವನ್ನು ಆಮೇಲಿನ ತಂತ್ರಾಂಶ ಸಂಸ್ಥೆಗಳು ಈ ಬಗೆಯ ಅನುಭವಗಳಿಂದಲೇ ಕಲಿತವು.

ಆ ಚರಿತ್ರೆಗೆ ಎರಡನೆಯ ಭಾಗವೂ ಇದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಯೂನಿಕ್ಸಿನ ಆರನೆಯ ಆವೃತ್ತಿಯ ಮೂಲಸಂಕೇತಕ್ಕೆ ಸಾಲು ಸಾಲಾಗಿ ವ್ಯಾಖ್ಯಾನ ಬರೆದು ತರಗತಿಯಲ್ಲಿ ಪಾಠ ಹೇಳಿದರು. 1979ರಲ್ಲಿ ಏಳನೆಯ ಆವೃತ್ತಿ ಬಂದಾಗ, ಮೂಲಸಂಕೇತವನ್ನು ತರಗತಿಯ ಪಾಠವಾಗಿ ಬಳಸಕೂಡದೆಂಬ ನಿಬಂಧನೆಯೂ ಅದರ ಪರವಾನಗಿಯೊಡನೆ ಬಂದಿತು. ಲಯನ್ಸರ ವ್ಯಾಖ್ಯಾನ ವರ್ಷಗಟ್ಟಲೆ ನೆರಳಚ್ಚು ಪ್ರತಿಗಳಾಗಿ ಕೈಯಿಂದ ಕೈಗೆ ದಾಟುತ್ತಾ, ಕೊನೆಗೆ 1996ರಲ್ಲಿ ಅನುಮತಿ ಪಡೆದು ಪುಸ್ತಕವಾಯಿತು. ಈ ನಡುವೆ ಆಮ್‌ಸ್ಟರ್‌ಡ್ಯಾಮಿನ ಆಂಡ್ರ್ಯೂ ಟಾನೆನ್‌ಬಾಮ್, ಪಾಠ ಹೇಳುವುದಕ್ಕೆ ಬೇರೆ ಗತಿಯಿಲ್ಲದೆ, ತಾವೇ ಮಿನಿಕ್ಸ್ ಎಂಬ ಸಣ್ಣ ವ್ಯವಸ್ಥೆಯನ್ನು ರಚಿಸಿ 1987ರಲ್ಲಿ ಪಠ್ಯಪುಸ್ತಕದೊಡನೆ ಪ್ರಕಟಿಸಿದರು. ಅದನ್ನು ಬಳಸುತ್ತಿದ್ದ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಆರಂಭಿಸಿದರು. ಕಲಿಯುವವರನ್ನು ಹೊರಗಿಟ್ಟ ಒಂದು ನಿಬಂಧನೆ, ತಾನು ಕಾಪಾಡಲು ಹೊರಟಿದ್ದ ವಸ್ತುವಿಗೆ ಜಗತ್ತಿನಲ್ಲಿಯೇ ದೊಡ್ಡ ಪ್ರತಿಸ್ಪರ್ಧಿ ಹುಟ್ಟುವುದಕ್ಕೆ ದಾರಿ ಮಾಡಿತು. ಅರ್ಹತಾ ನಿಯಮ ಬರೆಯುವವರು ಈ ಪ್ರಕರಣವನ್ನು ಮರೆಯಬಾರದು.

ವಿದ್ಯಾರ್ಥಿನಿ: ಈ ಕಾಲದ ನಿಯಮಗಳು ಹೊರಗಿಡುತ್ತಿರುವುದು ಯಾರನ್ನು?

ಅಧ್ಯಾಪಕರು: ಮಾನ್ಯತೆ ಎಂಬ ಮಾತಿನಿಂದ ಆರಂಭಿಸಬೇಕು. ಸರಕಾರ ಅಥವಾ ಸರಕಾರ ನೇಮಿಸಿದ ಸಂಸ್ಥೆಯೊಂದು, ಈ ಶಿಕ್ಷಣಸಂಸ್ಥೆ ಪದವಿ ಅಥವಾ ಡಿಪ್ಲೊಮಾ ಕೊಡಲು ಯೋಗ್ಯವೆಂದು ಒಪ್ಪುವುದೇ ಮಾನ್ಯತೆ. ಬಹುಪಾಲು ಪರವಾನಗಿಗಳಿಗೆ ವಿದ್ಯಾರ್ಥಿಯೆಂದರೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿರುವವರು. ಜೆಟ್‌ಬ್ರೈನ್ಸ್‌ನ ನಿಯಮವಂತೂ ಪೂರ್ಣಕಾಲ ಓದಿದರೆ ಕನಿಷ್ಠ ಒಂದು ವರ್ಷ ಹಿಡಿಯುವ ಕೋರ್ಸ್ ಆಗಿರಬೇಕೆನ್ನುತ್ತದೆ, ಕಂಪ್ಯೂಟರ್ ತರಬೇತಿಯನ್ನಷ್ಟೇ ಕೊಡುವ ಕೇಂದ್ರಗಳನ್ನು ಆಟೋಡೆಸ್ಕ್‌ನ ನಿಯಮ ಶಿಕ್ಷಣಸಂಸ್ಥೆಗಳೆಂದು ಎಣಿಸುವುದಿಲ್ಲ. ಇದರ ಪರಿಣಾಮವನ್ನು ಕರ್ನಾಟಕದ ಯಾವ ಜಿಲ್ಲಾಕೇಂದ್ರದಲ್ಲಿಯೂ ಕಾಣಬಹುದು. ಬಸ್ ನಿಲ್ದಾಣದ ಸಮೀಪದ ಮಹಡಿಯ ಮೇಲೆ ನಕ್ಷೆ ಬರೆಯುವುದನ್ನು ಕಲಿಸುವ ಕೇಂದ್ರಕ್ಕೆ ಸೇರಿದ ತರುಣರು, ಕಾಲೇಜಿಗೆ ಹೋಗುವ ಅನುಕೂಲವಿಲ್ಲದ್ದರಿಂದಲೇ ಅಲ್ಲಿಗೆ ಸೇರಿರುತ್ತಾರೆ. ಕಲಿಯುವ ಅಗತ್ಯ ಅವರಿಗೆ ಹೆಚ್ಚು, ಹಣದ ಅನುಕೂಲ ಅವರಿಗೆ ಕಡಿಮೆ, ಆದರೂ ನಿಯಮದ ಕಣ್ಣಿಗೆ ಅವರು ವಿದ್ಯಾರ್ಥಿಗಳಲ್ಲ. ಕೇಂದ್ರ ತಾನು ಕೊಂಡ ಪರವಾನಗಿಯಲ್ಲಿ ಪಾಠ ಹೇಳಬಹುದು, ಆದರೆ ಮನೆಯಲ್ಲಿ ಅಭ್ಯಾಸ ಮಾಡಲು ಅವರಿಗೆ ನ್ಯಾಯವಾದ ದಾರಿ ತೀರ ಕಿರಿದು.

ವಿದ್ಯಾರ್ಥಿನಿ: ಮಾನ್ಯತೆ ಇರುವ ಕಾಲೇಜಿನಲ್ಲಿ ಓದುತ್ತಿದ್ದೂ ಅರ್ಜಿ ತಿರಸ್ಕೃತವಾದ ಗೆಳತಿಯರಿದ್ದಾರೆ. ಅದಕ್ಕೆ ಕಾರಣವೇನು?

ಅಧ್ಯಾಪಕರು: ಅಲ್ಲಿ ಎಡವುವುದು ಅರ್ಹತೆಯಲ್ಲ, ಅರ್ಹತೆಯ ರುಜುವಾತು. ಪರಿಶೀಲನೆ ಬಹುಮಟ್ಟಿಗೆ ಮನುಷ್ಯರಿಂದಲ್ಲ, ಯಂತ್ರದಿಂದ ನಡೆಯುತ್ತದೆ, ಯಂತ್ರ ಮೊದಲು ನೋಡುವುದು ಇಮೇಲ್ ವಿಳಾಸದ ಡೊಮೇನ್, ಅಂದರೆ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಸಂಸ್ಥೆಯ ಹೆಸರು. ಭಾರತದಲ್ಲಿ ಎಸಿ ಡಾಟ್ ಇನ್ ಮತ್ತು ಇಡಿಯು ಡಾಟ್ ಇನ್ ಎಂದು ಕೊನೆಗೊಳ್ಳುವ ಡೊಮೇನ್‌ಗಳು ಶಿಕ್ಷಣಸಂಸ್ಥೆಗಳಿಗೆ ಮೀಸಲು, ಅವುಗಳನ್ನು ಎರ್ನೆಟ್ ಇಂಡಿಯಾ ನೋಂದಾಯಿಸುತ್ತದೆ. ಆದರೆ ಕಾಲೇಜಿಗೆ ಡೊಮೇನ್ ಇದ್ದ ಮಾತ್ರಕ್ಕೆ ವಿದ್ಯಾರ್ಥಿಗಳಿಗೆ ಅದರಲ್ಲಿ ವಿಳಾಸ ದೊರೆಯುತ್ತದೆಂದಿಲ್ಲ. ಎಷ್ಟೋ ಕಾಲೇಜುಗಳಲ್ಲಿ ಅಧ್ಯಾಪಕರು ಕೂಡ ಜಿಮೇಲ್ ವಿಳಾಸದಿಂದಲೇ ವ್ಯವಹರಿಸುತ್ತಾರೆ. ಜೊತೆಗೆ ಸಂಯೋಜನೆಯ ತೊಡಕು ಬೇರೆ. 1998ರಲ್ಲಿ ಸ್ಥಾಪಿತವಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹಳಷ್ಟು ಸಂಯೋಜಿತವಾಗಿವೆ: ಪಾಠ ನಡೆಯುವುದು ಕಾಲೇಜಿನಲ್ಲಿ, ಪದವಿ ಕೊಡುವುದು ವಿಶ್ವವಿದ್ಯಾಲಯ, ಗುರುತಿನ ಚೀಟಿಯ ಮೇಲೆ ದೊಡ್ಡದಾಗಿ ಇರುವುದು ಟ್ರಸ್ಟಿನ ಹೆಸರು, ಅಂಕಪಟ್ಟಿಯ ಮೇಲೆ ಇರುವುದು ವಿಶ್ವವಿದ್ಯಾಲಯದ ಹೆಸರು. ಒಂದೇ ಸಂಸ್ಥೆ ಕಲಿಸಿ ಪದವಿಯನ್ನೂ ಕೊಡುವ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿಸಿದ ಪರಿಶೀಲನೆಯ ನಮೂನೆಯಲ್ಲಿ ಈ ಎರಡು ಹೆಸರುಗಳು ಹೊಂದದಿದ್ದರೆ ಅರ್ಜಿ ಹಿಂದಿರುಗುತ್ತದೆ. ಚೀಟಿಯ ಮೇಲೆ ಚಾಲ್ತಿಯ ವರ್ಷ ಇಲ್ಲದಿರುವುದು, ಹೆಸರಿನ ಇನಿಷಿಯಲ್ ಒಂದು ದಾಖಲೆಯಲ್ಲಿ ಮೊದಲಿಗೂ ಮತ್ತೊಂದರಲ್ಲಿ ಕೊನೆಗೂ ಇರುವುದು ಇವೂ ಸಾಮಾನ್ಯ ಕಾರಣಗಳೇ. ಕಾಲೇಜಿನ ಕಚೇರಿ ಮನಸ್ಸು ಮಾಡಿದರೆ ಒಂದು ವಾರದಲ್ಲಿ ಸರಿಪಡಿಸಬಹುದಾದ ಕೊರತೆಗಳಿಗೆ ವಿದ್ಯಾರ್ಥಿಗಳು ಬೆಲೆ ತೆರುತ್ತಿರುವುದು ದುಃಖದ ಸಂಗತಿ.

ವಿದ್ಯಾರ್ಥಿನಿ: ಗುರುತಿನ ಚೀಟಿಯ ಚಿತ್ರವನ್ನು ಎಲ್ಲಿಯದೋ ಸಂಸ್ಥೆಗೆ ಕಳುಹಿಸುವುದು ಸುರಕ್ಷಿತವೇ? ಪಿಯುಸಿ ಓದುವ ಮಕ್ಕಳೂ ಕಳುಹಿಸುತ್ತಾರೆ.

ಅಧ್ಯಾಪಕರು: ಕೇಳಿದ್ದಕ್ಕಿಂತ ಹೆಚ್ಚು ಕೊಡದಿರುವುದು ಮೊದಲ ಎಚ್ಚರ, ಕಾಲೇಜಿನ ಚೀಟಿ ಸಾಕೆನ್ನುವಲ್ಲಿ ಆಧಾರ್ ಚೀಟಿ ಕಳುಹಿಸುವುದು ಅನಗತ್ಯ. ಮಕ್ಕಳ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಹಲವು ಸಂಸ್ಥೆಗಳು 13 ವರ್ಷ ತುಂಬಿದವರಿಗೆ ವಿದ್ಯಾರ್ಥಿ ಆವೃತ್ತಿ ಕೊಡುತ್ತವೆ, ಆದರೆ ಭಾರತದ ಕಾನೂನಿನಲ್ಲಿ ಪ್ರಾಪ್ತವಯಸ್ಸು 18, ಮತ್ತು ಅಪ್ರಾಪ್ತವಯಸ್ಕರು ಮಾಡಿಕೊಂಡ ಕರಾರು ಆರಂಭದಿಂದಲೇ ಅಸಿಂಧುವೆಂದು ಮೊಹರಿ ಬೀಬಿ ಮತ್ತು ಧರ್ಮೋದಾಸ್ ಘೋಷ್ ಪ್ರಕರಣದಲ್ಲಿ 1903ರಲ್ಲಿಯೇ ತೀರ್ಮಾನವಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ 18 ತುಂಬದವರ ಮಾಹಿತಿಯನ್ನು ಬಳಸುವುದಕ್ಕೆ ತಂದೆತಾಯಿಗಳ ಅಥವಾ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಆದ್ದರಿಂದ ಶಾಲೆ ಮತ್ತು ಪಿಯು ಕಾಲೇಜುಗಳ ಮಟ್ಟದಲ್ಲಿ, ಸಂಸ್ಥೆಯೇ ತನ್ನ ಹೆಸರಿನಲ್ಲಿ ಪರವಾನಗಿ ಪಡೆದು ಪ್ರಯೋಗಾಲಯದಲ್ಲಿ ಒದಗಿಸುವುದು ಮಕ್ಕಳು ಒಬ್ಬೊಬ್ಬರಾಗಿ ಅರ್ಜಿ ಹಾಕುವುದಕ್ಕಿಂತ ಲೇಸು.

ವಿದ್ಯಾರ್ಥಿನಿ: ಇನ್ನು ಬಳಕೆಯ ಮಾತು. ಸೋದರಮಾವನ ಮನೆಯ ನಕ್ಷೆಯನ್ನು ವಿದ್ಯಾರ್ಥಿ ಆವೃತ್ತಿಯಲ್ಲಿ ಬರೆದುಕೊಟ್ಟರೆ, ಹಣ ಪಡೆಯದಿದ್ದರೂ ಅದು ತಪ್ಪಾಗುತ್ತದೆಯೇ?

ಅಧ್ಯಾಪಕರು: ಹಣದ ಕೈಬದಲಾವಣೆಯೊಂದೇ ಅಳತೆಗೋಲಲ್ಲ. ಆ ನಕ್ಷೆಯನ್ನು ಪುರಸಭೆಗೆ ಸಲ್ಲಿಸಿ ಮನೆ ಕಟ್ಟುವುದಾದರೆ, ಬೇರೊಬ್ಬ ವೃತ್ತಿನಿರತರು ಶುಲ್ಕ ಪಡೆದು ಮಾಡಬೇಕಾಗಿದ್ದ ಕೆಲಸ ಅಲ್ಲಿ ನಡೆದಂತಾಯಿತು, ಅದು ಕಲಿಕೆಯ ಮೇರೆಯನ್ನು ದಾಟಿದೆ. ಅದೇ ಮನೆಯನ್ನು ಅಭ್ಯಾಸಕ್ಕಾಗಿ ಅಳೆದು ಬರೆದು ತರಗತಿಯಲ್ಲಿ ತೋರಿಸಿದರೆ ದೋಷವಿಲ್ಲ. ಕಾರ್ಖಾನೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡುವಾಗ, ಆ ಕಾರ್ಖಾನೆಯ ಉತ್ಪಾದನೆಗೆ ಸೇರುವ ಭಾಗಗಳನ್ನು ಸ್ವಂತ ಲ್ಯಾಪ್‌ಟಾಪಿನ ವಿದ್ಯಾರ್ಥಿ ಆವೃತ್ತಿಯಲ್ಲಿ ವಿನ್ಯಾಸಗೊಳಿಸುವುದು ಹೆಚ್ಚಿನ ಪರವಾನಗಿಗಳಿಗೆ ವಿರುದ್ಧವಾದದ್ದು, ಮತ್ತು ಅಂಥ ಕೆಲಸವನ್ನು ವಿದ್ಯಾರ್ಥಿಗಳಿಂದ ಮಾಡಿಸಿಕೊಂಡು ಪರವಾನಗಿಯ ವೆಚ್ಚವನ್ನು ಉಳಿಸುವ ಉದ್ಯಮಿಗಳು ಅಪರಾಧದ ಹೊರೆಯನ್ನು ಎಳೆಯರ ಹೆಗಲಿಗೆ ಏರಿಸುತ್ತಾರೆ. ಹಿಂದಿನ ಆಟೋಕ್ಯಾಡ್ ಶೈಕ್ಷಣಿಕ ಆವೃತ್ತಿಗಳಲ್ಲಿ ಮುದ್ರಿಸಿದ ಹಾಳೆಯ ಅಂಚುಗಳಲ್ಲಿ ಇದು ಶೈಕ್ಷಣಿಕ ಉತ್ಪನ್ನದಿಂದ ಬಂದದ್ದೆಂಬ ಮುದ್ರೆ ತಾನಾಗಿಯೇ ಬೀಳುತ್ತಿತ್ತು. ಆ ಕಡತದ ಒಂದು ಬಾಗಿಲಿನ ಚಿತ್ರವನ್ನು ತೆಗೆದು ಬೇರೆ ಕಡತಕ್ಕೆ ಸೇರಿಸಿದರೂ ಮುದ್ರೆ ಅದರೊಡನೆ ಹೋಗಿ, ವಾಣಿಜ್ಯ ನಕ್ಷೆಗೂ ಅಂಟಿಕೊಳ್ಳುತ್ತಿತ್ತು.

ವಿದ್ಯಾರ್ಥಿನಿ: ಅರ್ಹತೆ ಸಿಗದವರು ಕಳ್ಳ ಪ್ರತಿಗೆ ಇಳಿಯುತ್ತಾರೆ. ಅದನ್ನು ಕಾನೂನು ಹೇಗೆ ನೋಡುತ್ತದೆ?

ಅಧ್ಯಾಪಕರು: ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕಳ್ಳ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸುವವರಿಗೆ 7 ದಿನಗಳಿಗೆ ಕಡಿಮೆಯಿಲ್ಲದಂತೆ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ವಿಧಿಸಬಹುದು. ಆದರೆ ಲಾಭಕ್ಕಾಗಿಯೂ ವ್ಯಾಪಾರಕ್ಕಾಗಿಯೂ ಬಳಸಿಲ್ಲವೆಂದು ಕಂಡುಬಂದಲ್ಲಿ, ನ್ಯಾಯಾಲಯ ಸೆರೆವಾಸವನ್ನು ಕೈಬಿಟ್ಟು 50,000ದವರೆಗಿನ ದಂಡದಲ್ಲಿಯೇ ಮುಗಿಸಬಹುದೆಂದು ಅದೇ ಕಲಮು ಹೇಳುತ್ತದೆ. ಕಾನೂನು ಮಾಡಿದವರು ಕೂಡ ವ್ಯಕ್ತಿ ಯಾರೆಂಬುದಕ್ಕಿಂತ ಬಳಕೆ ಯಾವುದೆಂಬುದಕ್ಕೆ ಹೆಚ್ಚು ತೂಕ ಕೊಟ್ಟಿರುವುದನ್ನು ಇಲ್ಲಿ ಗಮನಿಸಬೇಕು.

ವಿದ್ಯಾರ್ಥಿನಿ: ಆ ಮಾತು ಪದವಿ ಮುಗಿದವರ ಸ್ಥಿತಿಗೂ ಅನ್ವಯಿಸಬಹುದು. ಜೂನ್ ತಿಂಗಳಲ್ಲಿ ಪರೀಕ್ಷೆ ಮುಗಿದು, ಕೆಲಸ ಸಿಗುವುದಕ್ಕೆ ವರ್ಷ ಹಿಡಿದರೆ, ಆ ಅವಧಿಯಲ್ಲಿ ಅವರು ವಿದ್ಯಾರ್ಥಿಯೂ ಅಲ್ಲ, ವೃತ್ತಿಪರರೂ ಅಲ್ಲ. ಅಭ್ಯಾಸ ಅತ್ಯಂತ ಅಗತ್ಯವಾದ ಕಾಲದಲ್ಲಿಯೇ ಸಾಧನ ಕೈ ತಪ್ಪುತ್ತದೆ.

ಅಧ್ಯಾಪಕರು: ಈ ಇಡೀ ವ್ಯವಸ್ಥೆಯ ದೊಡ್ಡ ದೋಷ ಅದೇ. ವ್ಯಕ್ತಿಯ ನೋಂದಣಿಯನ್ನು ಅರ್ಹತೆಯ ಆಧಾರವಾಗಿ ಹಿಡಿಯುವ ನಿಯಮ, ಕಲಿಕೆ ಕಾಲೇಜಿನಲ್ಲಿ ಆರಂಭವಾಗಿ ಕಾಲೇಜಿನಲ್ಲಿಯೇ ಮುಗಿಯುತ್ತದೆಂಬ ತಪ್ಪು ಕಲ್ಪನೆಯ ಮೇಲೆ ನಿಂತಿದೆ. ನಿವೃತ್ತರಾದ ಮೇಲೆ ಕಲಿಯುವವರು, ಮಕ್ಕಳನ್ನು ಬೆಳೆಸಿ ಮತ್ತೆ ಉದ್ಯೋಗಕ್ಕೆ ಮರಳಬಯಸುವ ತಾಯಂದಿರು, ಕೆಲಸ ಕಳೆದುಕೊಂಡು ಹೊಸ ವಿದ್ಯೆ ಹುಡುಕುವವರು ಎಲ್ಲರೂ ಅದರ ಹೊರಗುಳಿಯುತ್ತಾರೆ. ಬಳಕೆಯ ಉದ್ದೇಶವನ್ನು ಆಧಾರವಾಗಿ ಹಿಡಿದರೆ ಈ ಅನ್ಯಾಯ ಬಹುಪಾಲು ನಿವಾರಣೆಯಾಗುತ್ತದೆ, ಮತ್ತು ಅದು ಅಸಾಧ್ಯವೇನಲ್ಲ. ಮೈಕ್ರೋಸಾಫ್ಟ್ 2008ರಲ್ಲಿ ಡ್ರೀಮ್‌ಸ್ಪಾರ್ಕ್ ಎಂಬ ಯೋಜನೆಯಿಂದ ವಿದ್ಯಾರ್ಥಿಗಳಿಗೆ ತನ್ನ ಪ್ರೋಗ್ರಾಮಿಂಗ್ ಸಾಧನಗಳನ್ನು ಕೊಟ್ಟಿತು. 2014ರಲ್ಲಿ ವಿಶುವಲ್ ಸ್ಟುಡಿಯೋದ ಕಮ್ಯುನಿಟಿ ಆವೃತ್ತಿಯನ್ನು ತಂದಾಗ ಒಬ್ಬ ವ್ಯಕ್ತಿ ತನಗಾಗಿ ಬಳಸುವುದಾದರೆ ಯಾವ ಚೀಟಿಯೂ ಬೇಡವೆಂದಿತು, ದೊಡ್ಡ ಉದ್ದಿಮೆಗಳನ್ನು ಮಾತ್ರ ಹೊರಗಿಟ್ಟಿತು. ಜೆಟ್‌ಬ್ರೈನ್ಸ್ ಕೂಡ 2024ರಲ್ಲಿ ತನ್ನ ವೆಬ್‌ಸ್ಟಾರ್ಮ್ ಮತ್ತು ರೈಡರ್ ಸಾಧನಗಳನ್ನು ವಾಣಿಜ್ಯೇತರ ಬಳಕೆಗೆ ಎಲ್ಲರಿಗೂ ಉಚಿತಗೊಳಿಸಿತು. ಸರಿಯಾದ ದಾರಿ ಇದು.

ವಿದ್ಯಾರ್ಥಿನಿ: ಅರ್ಹತೆಯನ್ನೇ ಕೇಳದ ಮುಕ್ತ ತಂತ್ರಾಂಶಗಳಿರುವಾಗ ಇಷ್ಟೆಲ್ಲ ಚರ್ಚೆ ಬೇಕೇ?

ಅಧ್ಯಾಪಕರು: ಬೇಕು, ಏಕೆಂದರೆ ಉದ್ಯೋಗ ಕೊಡುವವರು ಕೆಲವು ಹೆಸರುಗಳನ್ನೇ ಕೇಳುತ್ತಾರೆ, ಅವುಗಳನ್ನು ಕಲಿಯದೆ ವಿದ್ಯಾರ್ಥಿಗಳಿಗೆ ಗತ್ಯಂತರವಿಲ್ಲ. ಆದರೆ ಮುಕ್ತ ತಂತ್ರಾಂಶಗಳನ್ನು ಬಡವರ ಪರ್ಯಾಯವೆಂದು ಎಣಿಸುವುದು ತಪ್ಪು. ಮೂರು ಆಯಾಮದ ವಿನ್ಯಾಸಕ್ಕೆ ಫ್ರೀಕ್ಯಾಡ್, ಭೂಪಟಗಳಿಗೆ ಕ್ಯೂಜಿಐಎಸ್, ಗಣಿತದ ಲೆಕ್ಕಗಳಿಗೆ ಸೈಲ್ಯಾಬ್, ಚಲಿಸುವ ಚಿತ್ರಗಳಿಗೆ ಬ್ಲೆಂಡರ್ ಇವು ವೃತ್ತಿಗೂ ಸಲ್ಲುವ ಸಾಧನಗಳು. ಕೇಂದ್ರ ಸರಕಾರದ ನೆರವಿನಿಂದ ಮುಂಬಯಿಯ ಐಐಟಿ ನಡೆಸುವ ಫಾಸಿ ಯೋಜನೆ ಇಂಥ ತಂತ್ರಾಂಶಗಳನ್ನು ಕಾಲೇಜುಗಳಿಗೆ ಮುಟ್ಟಿಸುತ್ತಿದೆ, ಅಲ್ಲಿಯದೇ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳಲ್ಲಿ ಹಲವು ಕನ್ನಡ ಧ್ವನಿಯಲ್ಲಿಯೂ ಲಭ್ಯವಿವೆ. ತತ್ತ್ವವನ್ನು ಮುಕ್ತ ಸಾಧನದಲ್ಲಿ ಕಲಿತು, ಉದ್ಯಮ ಬೇಡುವ ಸಾಧನವನ್ನು ವಿದ್ಯಾರ್ಥಿ ಆವೃತ್ತಿಯಲ್ಲಿ ರೂಢಿಸಿಕೊಂಡವರಿಗೆ, ಪರವಾನಗಿಯ ಅವಧಿ ಮುಗಿದ ದಿನ ವಿದ್ಯೆ ಮುಗಿಯುವುದಿಲ್ಲ.

ವಿದ್ಯಾರ್ಥಿನಿ: ಈಗ ಕೂಡಲೇ ಮಾಡಬೇಕಾದದ್ದೇನು?

ಅಧ್ಯಾಪಕರು: ನಿಯಮ ಬದಲಿಸುವುದು ದೂರದ ಸಂಸ್ಥೆಗಳ ಕೈಯಲ್ಲಿದೆ, ಆದರೆ ನಿಯಮದೊಳಗೆ ಸಿಗಬೇಕಾದದ್ದನ್ನು ದೊರಕಿಸಿಕೊಡುವುದು ಇಲ್ಲಿಯವರ ಕೈಯಲ್ಲಿದೆ. ಪ್ರತಿಯೊಂದು ಕಾಲೇಜೂ ಪ್ರವೇಶದ ವಾರದಲ್ಲಿಯೇ ವಿದ್ಯಾರ್ಥಿಗಳಿಗೆ ತನ್ನ ಡೊಮೇನಿನ ಇಮೇಲ್ ವಿಳಾಸ ಕೊಡಲಿ. ಗುರುತಿನ ಚೀಟಿಯಲ್ಲಿ ಕಾಲೇಜು, ವಿಶ್ವವಿದ್ಯಾಲಯ, ಚಾಲ್ತಿಯ ವರ್ಷ, ಪೂರ್ಣ ಹೆಸರು ನಾಲ್ಕನ್ನೂ ಅಂಕಪಟ್ಟಿಗೆ ಹೊಂದುವಂತೆ ಮುದ್ರಿಸಲಿ. ಮೊದಲ ಸೆಮಿಸ್ಟರಿನ ಒಂದು ತರಗತಿಯನ್ನು ಪರವಾನಗಿಯನ್ನು ಓದುವುದಕ್ಕೆಂದೇ ಮೀಸಲಿಡಲಿ. ವಿದ್ಯಾರ್ಥಿಗಳು ಒಪ್ಪಿಗೆಯ ಗುಂಡಿ ಒತ್ತುವ ಮೊದಲು ಮೂರು ಸಂಗತಿಗಳನ್ನಾದರೂ ಹುಡುಕಿ ಓದಬೇಕು: ಅನುಮತಿ ಎಂದು ಮುಗಿಯುತ್ತದೆ, ಹಣ ಬರುವ ಕೆಲಸಕ್ಕೆ ಅವಕಾಶವಿದೆಯೇ, ಇಲ್ಲಿ ಉಳಿಸಿದ ಕಡತ ಮುಂದೆ ಬೇರೆಡೆ ತೆರೆಯುತ್ತದೆಯೇ.